ಗಾಲಿಯ ಮೇಲಿನ ಮನೆ: ಎರಡು ಹಳೆಯ ಬಂಡಿಗಳ ವಂಶಾವಳಿ

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಬರುವ ಹೆದ್ದಾರಿಯಲ್ಲಿ ಈಚೀಚೆಗೆ ಒಂದು ವಿಚಿತ್ರ ವಾಹನ ಆಗಾಗ ಕಣ್ಣಿಗೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಮದುವೆ ದಿಬ್ಬಣದ ವ್ಯಾನು. ಕಿಟಕಿಗೆ ಮನೆಯ ಪರದೆ. ಹಿಂದಿನ ಬಾಗಿಲು ತೆರೆದರೆ ಮಂಚ, ಒಲೆ, ನೀರಿನ ಪೀಪಾಯಿ, ಒಂದು ಮೂಲೆಯಲ್ಲಿ ದೇವರ ಪಟ. ಇದನ್ನು ಕ್ಯಾರವಾನ್ ಎನ್ನುತ್ತಾರೆ. ಪರದೇಶದಿಂದ ಬಂದ ಹೊಸ ಖಯಾಲಿ ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಪುಣೆ–ಬೆಂಗಳೂರು ರಸ್ತೆಯ ಈ ತುಂಡಿಗೆ, ಅಂದರೆ ಹರಿಹರದಿಂದ ದಾವಣಗೆರೆಯವರೆಗಿನ ಹದಿನಾಲ್ಕು ಕಿಲೋಮೀಟರಿನ ಹಾದಿಗೆ, ಗಾಲಿಯ ಮೇಲೆ ಸಂಸಾರ ಹೂಡಿಕೊಂಡು ಬಂದವರು ಹೊಸಬರೇನೂ ಅಲ್ಲ. ಬದಲಾದದ್ದು ನೊಗಕ್ಕೆ ಕಟ್ಟಿದ್ದು ಮಾತ್ರ.

ನಮ್ಮ ಭಾಗದ ಹಿರಿಯರಿಗೆ ಎರಡು ಬಗೆಯ ಬಂಡಿಗಳು ಗೊತ್ತಿದ್ದವು. ಒಂದು, ಹೊಲದ ಬಂಡಿ. ವರ್ಷವೆಲ್ಲ ಗೊಬ್ಬರ, ಮೇವು, ಹತ್ತಿ ಹೇರುವುದು ಅದರ ಕಸುಬು. ಜಾತ್ರೆ ಬಂತೆಂದರೆ ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನ ಹಾಸಿದರೆ ಅದೇ ಮನೆ. ಇನ್ನೊಂದು, ಕೊಲ್ಲಾರಿ ಬಂಡಿ. ಇದು ಹುಟ್ಟಿನಿಂದಲೇ ಸವಾರಿಗೆಂದು ಮಾಡಿದ್ದು. ಹೊರೆ ಇದರ ಮೇಲೆ ಬೀಳುವುದಿಲ್ಲ. ಅನುಕೂಲಸ್ಥರ ಮನೆಯಲ್ಲಿ ಮಾತ್ರ ಇರುತ್ತಿತ್ತು. ಮೈಲಾರಕ್ಕೆ, ಕೊಟ್ಟೂರಿಗೆ, ಉಚ್ಚಂಗಿದುರ್ಗಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಸಾಲುಗಳಲ್ಲಿ ಎರಡೂ ಬಗೆಯವು ಸೇರಿರುತ್ತಿದ್ದವು. ರಾತ್ರಿ ಎತ್ತುಗಳನ್ನು ಬಿಚ್ಚಿ, ಮೂಕಿಯನ್ನು ಕೋಲಿನ ಮೇಲೆ ನಿಲ್ಲಿಸಿ, ಹೆಂಗಸರು ಮಕ್ಕಳು ಬಂಡಿಯೊಳಗೆ, ಗಂಡಸರು ಬಂಡಿಯಡಿಯಲ್ಲಿ ಮಲಗುವುದು. ಮೂರು ಕಲ್ಲಿನ ಒಲೆ ಹೊರಗೇ ಉರಿಯುತ್ತಿತ್ತು. ಈ ಕಡೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹೊರೆಯ ಗಾಡಿಯನ್ನು ಮನೆ ಮಾಡಿಕೊಳ್ಳುವುದೋ, ಸವಾರಿಯ ಗಾಡಿಯನ್ನು ಮನೆ ಮಾಡಿಕೊಳ್ಳುವುದೋ ಎಂಬ ಪ್ರಶ್ನೆ ಆಗಿನಿಂದಲೂ ಇದೆ. ಇಂದು ಹಳೆಯ ವ್ಯಾನೊಂದನ್ನು ಕೊಂಡು ಮನೆಗಾಡಿ ಮಾಡಿಕೊಳ್ಳಬೇಕೆಂದು ಮೊದಲ ಬಾರಿಗೆ ಹೊರಟವನ ಮುಂದೆ ನಿಲ್ಲುವುದೂ ಇದೇ ಪ್ರಶ್ನೆ.

ದಾವಣಗೆರೆ ಹುಟ್ಟಿದ್ದೇ ಸಾಗಾಣಿಕೆಯಿಂದ. ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದುಹೋಗುವ ವೇಳೆಗೆ ಊರು ಆಗಲೇ ಹೆಸರು ಮಾಡಿತ್ತು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಮದರಾಸಿನ ಕಡೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಅಲ್ಲಿಂದ ಉಪ್ಪು, ರೇಶ್ಮೆ, ಸಮುದ್ರದಾಚೆಯ ಸಾಮಾನು ಬರುತ್ತಿತ್ತು. ಅಷ್ಟು ದೂರದ ಹಾದಿಯನ್ನು ಎತ್ತಿನ ಬೆನ್ನಿನ ಮೇಲೆ ಹೇರು ಹಾಕಿ ತಿಂಗಳುಗಟ್ಟಲೆ ನಡೆದ ಜನಕ್ಕೆ ಮನೆಯೆಂದರೆ ಹೆಗಲ ಮೇಲಿನ ಕಂಬಳಿ. ದಾವಣಗೆರೆಯ ಸುತ್ತಿನ ಕಂಬಳಿಗೆ ಆಗ ಬಹಳ ಹೆಸರಿತ್ತು. ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಕೋಲಿಗೆ ಕಟ್ಟಿದರೆ ಗುಡಾರ. ಇಷ್ಟು ಹಗುರಾದ ಕ್ಯಾರವಾನನ್ನು ಜರ್ಮನರು ಇಂದಿಗೂ ಕಟ್ಟಿಲ್ಲ!

ಎತ್ತುಗಳ ಮಾತು ಬಂದದ್ದರಿಂದ ಹೇಳುತ್ತೇವೆ: ಮೈಸೂರು ಸಂಸ್ಥಾನದ ಅಮೃತಮಹಲ್ ಎತ್ತುಗಳ ಬಲದಿಂದ ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಹಳೆಯ ಗೆಜೆಟಿಯರು ಬರೆಯುತ್ತದೆ. ಅದು ದಂಡಿನ ಮಾತು. ಸಂಸಾರಸ್ಥನ ಎತ್ತು ಅಷ್ಟು ಓಡುವುದಿಲ್ಲ, ಓಡಬೇಕಾಗಿಯೂ ಇರಲಿಲ್ಲ.

ಹರಿಹರದಲ್ಲಿ ನದಿಯೇ ದೊಡ್ಡ ತಡೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಬಂದ ಯಾತ್ರಿಕರು, ಹೊಳೆ ತುಂಬಿದಾಗ ದಂಡೆಯಲ್ಲೇ ಕಾಯದೆ ಬೇರೆ ದಾರಿಯಿರಲಿಲ್ಲ. 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಮುಗಿಯಿತು. ಕಲ್ಲು ಮತ್ತು ಇಟ್ಟಿಗೆಯ ಕಟ್ಟಡ. ಹತ್ತಿರ ಹತ್ತಿರ ಮೂರು ಲಕ್ಷ ರೂಪಾಯಿ ಖರ್ಚು. ಬೆಂಗಳೂರಿನಿಂದ ಧಾರವಾಡದವರೆಗೆ ಬಂಡಿಯ ಗಾಲಿ ನೀರಿಗಿಳಿಯದೆ ಹೋಗುವಂತಾಯಿತು. ಆ ಸೇತುವೆಯ ಈ ತುದಿ ಮೈಸೂರು, ಆ ತುದಿ ಮುಂಬಯಿ ಪ್ರಾಂತ. 1956ರ ನವೆಂಬರ್ 1ರವರೆಗೂ ರಾಣೆಬೆನ್ನೂರಿನ ಬೀಗರ ಮನೆಗೆ ಹೋಗುವವನು ರಾಜ್ಯ ದಾಟಿಯೇ ಹೋಗಬೇಕಾಗಿತ್ತು.

ಸೇತುವೆ ಬಂದ ಸ್ವಲ್ಪ ಕಾಲಕ್ಕೆ ರೈಲೂ ಬಂತು. 1889ರಲ್ಲಿ ಬೆಂಗಳೂರಿನ ಕಡೆಯಿಂದ ಹರಿಹರದವರೆಗೆ ಹಳಿ ಮುಟ್ಟಿದ ಮೇಲೆ ದೂರದ ಬಂಡಿಯಾನ ಕುಗ್ಗುತ್ತ ಹೋಯಿತು. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವವನಿಗೆ ಒಲೆ ಬೇಡ, ಹಾಸಿಗೆ ಬೇಡ. ಊರಿನ ಸಾಹುಕಾರರು ಕಟ್ಟಿಸಿದ ಛತ್ರ, ಸರಕಾರದ ಮುಸಾಫಿರಖಾನೆ, ಆಮೇಲೆ ಖಾನಾವಳಿ, ಲಾಡ್ಜುಗಳು ಮಿಕ್ಕದ್ದನ್ನು ನೋಡಿಕೊಂಡವು. ಗಾಲಿಯ ಮೇಲಿನ ಮನೆ ಜಾತ್ರೆಯ ಹಾದಿಗೆ ಸೀಮಿತವಾಯಿತು. ಹೊಟ್ಟೆಪಾಡಿಗಾಗಿ ಅದನ್ನು ಬಿಡಲಾರದವರು ಮಾತ್ರ ಉಳಿದರು. ಉತ್ತರದ ಗಾಡಿ ಲೋಹಾರರು, ಚಿತ್ತೋಡ 1568ರಲ್ಲಿ ಬಿದ್ದ ಮೇಲೆ ಮಾಡು ಕಟ್ಟಿಕೊಳ್ಳುವುದಿಲ್ಲವೆಂದು ಆಣೆಯಿಟ್ಟವರ ಪೀಳಿಗೆ ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಅವರ ಬಂಡಿಯಲ್ಲಿ ಹುಟ್ಟು ಸಾವುಗಳೂ ಆಗಿಹೋಗಿವೆ. ಅವರನ್ನು ಯಾರೂ ಪ್ರವಾಸಿಗಳೆಂದು ಕರೆಯಲಿಲ್ಲ.

ಸುಖಕ್ಕಾಗಿ ಮನೆಗಾಡಿ ಕಟ್ಟಿಸಿದ ಕೀರ್ತಿ ಇಂಗ್ಲೆಂಡಿಗೆ ಸಲ್ಲುತ್ತದೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯ ಬ್ರಿಸ್ಟಲ್ಲಿನ ಕಾರಖಾನೆಯೊಂದರಿಂದ ಎರಡು ಕುದುರೆಗಳು ಎಳೆಯುವ, ಸುಮಾರು ಎರಡು ಟನ್ ತೂಕದ ಗಾಡಿಯನ್ನು ಮಾಡಿಸಿಕೊಂಡು ‘ವಾಂಡರರ್’ ಎಂದು ಹೆಸರಿಟ್ಟು ತಿರುಗಿದ. ನಮ್ಮ ನೆರೆಯಲ್ಲಿ ಅದಕ್ಕಿಂತ ಹೆಚ್ಚು ಜನ ಕಂಡದ್ದು 1982ರಲ್ಲಿ: ಆಂಧ್ರದ ಎನ್. ಟಿ. ರಾಮರಾಯರು ಹಳೆಯ ಶೆವರ್ಲೆ ವ್ಯಾನೊಂದನ್ನು ‘ಚೈತನ್ಯ ರಥಂ’ ಎಂದು ಮಾರ್ಪಡಿಸಿಕೊಂಡು ಅದರಲ್ಲೇ ಉಂಡು ಮಲಗಿ ಪ್ರಚಾರ ಮಾಡಿ, ಮರುವರ್ಷ ಮುಖ್ಯಮಂತ್ರಿಯಾದರು. ಹಳೆಯ ವ್ಯಾನು ಕೊಂಡವರಿಗೆಲ್ಲ ಅಂಥ ಫಲ ಸಿಕ್ಕೀತೆಂದು ನಾವು ಭರವಸೆ ಕೊಡಲಾರೆವು.

ಇನ್ನು ಇಂದಿನ ಎರಡು ಬಂಡಿಗಳಿಗೆ ಬರೋಣ. ದಾವಣಗೆರೆಯಲ್ಲಿ ಹಳೆಯ, ಚಿಕ್ಕ, ಕೈಗೆಟಕುವ ಗಾಡಿಯನ್ನು ಮನೆಗಾಡಿ ಮಾಡಬೇಕೆಂದು ಹುಡುಕುವವನಿಗೆ ಸಿಕ್ಕುವುದು ಹೆಚ್ಚಾಗಿ ಎರಡೇ: ಮೆಟಡೋರು, ಇಲ್ಲವೆ ಟೆಂಪೊ ಟ್ರಾವೆಲರು. ಎರಡೂ ಒಂದೇ ಕಂಪೆನಿಯ ಮಕ್ಕಳು. ಆದರೆ ಗೋತ್ರ ಬೇರೆ.

1958ರಲ್ಲಿ ಎನ್. ಕೆ. ಫಿರೋದಿಯಾ ಅವರು ಜರ್ಮನಿಯ ಹಾಂಬುರ್ಗಿನ ವಿಡಾಲ್ ಉಂಡ್ ಸೋನ್ ಸಂಸ್ಥೆಯ ಸಹಕಾರದಿಂದ ಬಜಾಜ್ ಟೆಂಪೊ ಕಂಪೆನಿಯನ್ನು ಸ್ಥಾಪಿಸಿದರು. ‘ಟೆಂಪೊ’ ಎಂಬುದು ಆ ಹಾಂಬುರ್ಗಿನವರ ಗಾಡಿಗಳ ಹೆಸರು. ಮೊದಲು ಬಂದದ್ದು ಹನ್ಸಿಯಾಟ್ ಎಂಬ ಮೂರು ಗಾಲಿಯ ಗಾಡಿ. ಅದು ಊರೂರು ತಿರುಗಿ ತನ್ನ ಮನೆತನದ ಹೆಸರನ್ನು ನಮ್ಮ ಭಾಷೆಗೆ ಬಿಟ್ಟುಹೋಯಿತು. ಸಾಮಾನು ಹೇರುವ ಸಣ್ಣ ಮೋಟಾರೆಲ್ಲವನ್ನೂ ಕನ್ನಡಿಗ ಇಂದಿಗೂ ‘ಟೆಂಪೊ’ ಎಂದೇ ಕರೆಯುತ್ತಾನೆ. 1969ರಲ್ಲಿ ಅದೇ ಕಂಪೆನಿ ಹೊರತಂದದ್ದು ಮೆಟಡೋರು. ಜರ್ಮನಿಯಲ್ಲಿ ಆ ಹೆಸರಿನ ಗಾಡಿ 1949ರಿಂದಲೂ ಓಡುತ್ತಿತ್ತು. ಆ ಹೆಸರೂ ಬಂದು ನಮ್ಮಲ್ಲಿ ಸಾಮಾನ್ಯ ನಾಮವಾಗಿ ನಿಂತಿತು. ಸ್ಪೇನಿನ ಮಾತಿನಲ್ಲಿ ಮೆಟಡೋರ್ ಎಂದರೆ ಗೂಳಿಯನ್ನು ಕೊಲ್ಲುವವನು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಬಂಡಿಯ ಕೆಲಸವನ್ನು ಕಿತ್ತುಕೊಂಡ ವಾಹನಕ್ಕೆ ಇದಕ್ಕಿಂತ ತಕ್ಕ ಹೆಸರು ಯಾವ ಪಂಡಿತನಿಗೂ ಹೊಳೆಯುತ್ತಿರಲಿಲ್ಲ.

ಮೆಟಡೋರಿನ ವಿಶೇಷ ಅದರ ಹೊಟ್ಟೆಯಡಿಯಲ್ಲಿದೆ. ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೇ ಹೋಗುತ್ತದೆ. ಹಿಂದಕ್ಕೆ ಹಾಯುವ ಉದ್ದನೆಯ ಷಾಫ್ಟು ಇಲ್ಲ. ಅದರಿಂದ ನೆಲ ತಗ್ಗು, ಸಮತಟ್ಟು. ಮೂಟೆ ಹೇರುವ ಹಮಾಲ ಸೊಂಟ ಎತ್ತದೆ ಸಾಮಾನು ಇಡಬಹುದು. ಮಂಡಿನೋವಿನ ಅಜ್ಜಿ ಒಂದೇ ಹೆಜ್ಜೆಗೆ ಒಳಗೆ ಬರಬಹುದು. 1980ರ ದಶಕದಲ್ಲಿ ಡೈಮ್ಲರ್-ಬೆಂಜ್ ಕಂಪೆನಿಯ ಪರವಾನಗಿಯಿಂದ ಇಲ್ಲೇ ತಯಾರಾದ 2.4 ಲೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನು ಇದಕ್ಕೆ ಬಂತು. ಯೂರೋಪಿನ ಟ್ಯಾಕ್ಸಿಗಳಲ್ಲಿ ಸವೆಯದೆ ಓಡಿದ ಎಂಜಿನ್ನು ಅದು, ಅವಸರವಿಲ್ಲ, ಹಟವುಂಟು. ಹಾಲು, ತರಕಾರಿ, ದಿನಪತ್ರಿಕೆ, ಶಾಲೆಯ ಮಕ್ಕಳು, ದಿಬ್ಬಣ, ಶಾಮಿಯಾನ, ನಾಟಕದ ಪರದೆ, ಮೆಟಡೋರು ಹೊರದ ವಸ್ತು ಈ ಜಿಲ್ಲೆಯಲ್ಲಿ ಇರಲಿಲ್ಲ. ಇದು ಹೊಲದ ಬಂಡಿಯ ವಂಶ.

ಟ್ರಾವೆಲರು ಬಂದದ್ದು 1987ರಲ್ಲಿ. ಇದರ ಮೂಲ ಹಾಂಬುರ್ಗಲ್ಲ, ಬ್ರೆಮೆನ್. 1977ರಲ್ಲಿ ಮರ್ಸಿಡಿಸ್ ಕಂಪೆನಿ ಅಲ್ಲಿ ಹೊರತಂದ ಟಿ-1 ಎಂಬ ವ್ಯಾನಿನ ಅಚ್ಚು. ಜರ್ಮನಿಯಲ್ಲಿ ಆ ವ್ಯಾನಿನ ಮೇಲೆ ಹೈಮರ್ ಮೊದಲಾದವರು ಮನೆಗಾಡಿಗಳನ್ನು ಕಟ್ಟಿ ಮಾರಿದರು. 1995ರಲ್ಲಿ ಜರ್ಮನರು ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಅದರ ಪೀಳಿಗೆ ಇನ್ನೂ ನಡೆದಿದೆ. ಕಂಪೆನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡರೂ ಜನ ಇದನ್ನು ‘ಟಿಟಿ’ ಎಂದೇ ಕರೆಯುತ್ತಾರೆ. ಎಳೆಯುವುದು ಹಿಂದಿನ ಗಾಲಿ. ನೆಲ ಎತ್ತರ, ಮೆಟ್ಟಿಲು ಹತ್ತಬೇಕು. ಆದರೆ ಎತ್ತರದ ಮಾಡಿನ ಗಾಡಿಯಾದರೆ ನಮ್ಮ ಸಾಧಾರಣ ಎತ್ತರದವರು ಒಳಗೆ ನೆಟ್ಟಗೆ ನಿಂತು ಪಂಚೆ ಉಟ್ಟುಕೊಳ್ಳಬಹುದು. ಸಾಮಾನ್ಯ ಮೆಟಡೋರಿನಲ್ಲಿ ತಲೆ ತಗ್ಗಿಸದೆ ಗತಿಯಿಲ್ಲ. ಟ್ರಾವೆಲರು ಮನುಷ್ಯರನ್ನು ಕೂರಿಸಿಕೊಂಡು ತಿರುಪತಿ, ಧರ್ಮಸ್ಥಳ, ಶಬರಿಮಲೆ ಸುತ್ತಿದ ಗಾಡಿ. ಇದು ಕೊಲ್ಲಾರಿಯ ವಂಶ.

ನಮ್ಮ ಪರಿಚಯದ ಒಬ್ಬ ನಿವೃತ್ತ ಮೇಷ್ಟರು ಕಳೆದ ವರ್ಷ ಈ ಎರಡರ ನಡುವೆ ಸಿಕ್ಕಿಕೊಂಡಿದ್ದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿಟ್ಟಿದ್ದರು; ಆ ಪಾಲು ಕೈಬಿಟ್ಟರೆ ಮತ್ತೆ ಹುಟ್ಟುವ ಹಣವಲ್ಲ. ಹರಿಹರದ ಒಂದು ಗ್ಯಾರೇಜಿನ ಹಿತ್ತಲಲ್ಲಿ ಮೆಟಡೋರು, ದಾವಣಗೆರೆಯ ಮಂಡಿಪೇಟೆಯ ಒಬ್ಬರ ಬಳಿ ಹಳದಿ ಫಲಕದ ಟ್ರಾವೆಲರು. ಮೇಷ್ಟರ ಒಲವು ಮೆಟಡೋರಿನ ಕಡೆ. ಅವರ ಮದುವೆಯ ದಿಬ್ಬಣ ಹೊಳೆ ದಾಟಿ ಬಂದದ್ದು ಅಂಥದರಲ್ಲೇ.

“ನೋಡೇ, ನಿನ್ನ ಮಂಡಿಗೂ ಇದೇ ಸರಿ. ಮೆಟ್ಟಿಲೇ ಇಲ್ಲ” ಎಂದರಂತೆ.

“ಮೆಟ್ಟಿಲಿಗೆ ಒಂದು ಮಣೆ ಇಟ್ಟರಾತು ರೀ. ಕೆಟ್ಟು ನಿಂತರೆ ನಾನು ಇಳಿದು ನೂಕಬೇಕೇನು?” ಎಂದರಂತೆ ಆಕೆ.

ಆ ತಾಯಿಯ ಪ್ರಶ್ನೆಯಲ್ಲಿ ಇತಿಹಾಸವೂ ಇದೆ, ಅರ್ಥಶಾಸ್ತ್ರವೂ ಇದೆ. ಮೆಟಡೋರು ತಯಾರಾಗುವುದು ನಿಂತು ಎರಡು ದಶಕಗಳಾದವು. ಎಂಜಿನ್ನಿನ ಭಾಗಗಳು ಇನ್ನೂ ಸಿಕ್ಕುತ್ತವೆ, ಏಕೆಂದರೆ ಅದೇ ಎಂಜಿನ್ನು ಹಳೆಯ ಟ್ರಾವೆಲರಿನಲ್ಲೂ ಇದೆ. ಸಿಕ್ಕದಿರುವುದು ಮುಂದಿನ ಗಾಲಿಗೆ ಶಕ್ತಿ ಒಯ್ಯುವ ಕೀಲುಗಳು, ಬಾಗಿಲಿನ ತಿರುಗಣಿ, ಗಾಜಿನ ಸುತ್ತಿನ ರಬ್ಬರು. ಹರಿಹರದಲ್ಲಿ ಇದಕ್ಕೂ ಒಂದು ಉಪಾಯ ಬಹುಕಾಲ ಇತ್ತು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಅಲ್ಲಿ ಕೈ ಪಳಗಿಸಿಕೊಂಡವರು ಕಬ್ಬಿಣದ ತುಂಡು ಕೊಟ್ಟರೆ ಯಾವ ಭಾಗವನ್ನಾದರೂ ಕಡೆದು ಕೊಡಬಲ್ಲವರು. ಕಾರಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಆ ಕೈಗಳಿಗೆ ವಯಸ್ಸಾಯಿತು. ಹರಿಹರದೊಳಗೆ ಕೆಟ್ಟರೆ ಮೆಟಡೋರು ಬದುಕೀತು. ಅಂಕೋಲೆಯಾಚೆ ಕೆಟ್ಟರೆ ಬದುಕುವುದು ಕಷ್ಟ.

ಇನ್ನೊಂದು ಸಂಗತಿ ಘಟ್ಟ. ದಾವಣಗೆರೆಯಿಂದ ಕರಾವಳಿಗಿಳಿಯುವವನು ಆಗುಂಬೆಯನ್ನೋ ಬೇರೊಂದು ಘಟ್ಟವನ್ನೋ ಇಳಿದು ಮತ್ತೆ ಏರಲೇಬೇಕು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಮಂಚ, ನೀರಿನ ಪೀಪಾಯಿ, ಬ್ಯಾಟರಿಗಳನ್ನೆಲ್ಲ ಹಿಂಬದಿಯಲ್ಲಿ ಹೇರಿದ ಮುಂಗಾಲಿನ ಗಾಡಿ, ಮಳೆಯಲ್ಲಿ ನೆನೆದ ತಿರುವಿನಲ್ಲಿ ಮುಂದಿನ ಗಾಲಿಗಳನ್ನು ಸುಮ್ಮನೆ ತಿರುಗಿಸುತ್ತ ನಿಂತುಬಿಡಬಹುದು. ನೀರನ್ನೂ ಬ್ಯಾಟರಿಯನ್ನೂ ಮುಂದಕ್ಕೆ ತಂದು ಕೂರಿಸಿದರೆ ಈ ದೋಷ ಬಹಳಷ್ಟು ಕಡಿಮೆಯಾಗುತ್ತದೆ. ಮಂಚ ಮೊದಲು, ಮಿಕ್ಕದ್ದು ಆಮೇಲೆ ಎಂದು ಹೊರಡುವವರಿಗೆ ಇದು ಹೊಳೆಯುವುದಿಲ್ಲ. ಬಂಡಿಯ ಭಾರ ಮೂಕಿಗೂ ಹಿಂದಕ್ಕೂ ತೂಗುವಂತೆ ಹೇರುವ ವಿದ್ಯೆ ನಮ್ಮ ರೈತರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ನೋಡಿ ಕೊಳ್ಳುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬಹುದು. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಹಾಗೆಯೇ ಎಂಜಿನ್ನು ತಣ್ಣಗಿರುವಾಗಲೇ, ಬೆಳಿಗ್ಗೆ ಹೋಗಿ, ಮೊದಲು ಹೊತ್ತಿಸಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುವುದು ಲೇಸು. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ನು ಎಣ್ಣೆ ಕುಡಿಯುತ್ತಿದೆ. ಮೆಟಡೋರಾದರೆ ಚಕ್ರವನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ನಡೆಸಿದಾಗ ಮುಂದೆ ಟಕಟಕ ಸದ್ದು ಬಂದರೆ ಕೀಲು ಸವೆದಿದೆ. ಟ್ರಾವೆಲರಾದರೆ ಸೀಟುಗಳನ್ನು ಕಿತ್ತು ನೆಲವನ್ನು ನೋಡಬೇಕು. ಹೊಸ ಬಣ್ಣದಡಿ ತುಕ್ಕು ಇರುತ್ತದೆ. ಮಾಡು ಸೋರುತ್ತದೆಯೇ ಎಂದು ತಿಳಿಯಲು ಒಂದು ಕೊಡ ನೀರು ಸಾಕು.

ಕಾಗದಪತ್ರದ ವಿಷಯ ಮಾತ್ರ ಹೀಗೆ ಸುಲಭವಲ್ಲ. ಎತ್ತಿನ ಬಂಡಿಗೆ ಚಾಪೆ ಕಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೋಟಾರು ವಾಹನಗಳ 1988ರ ಕಾಯಿದೆಯ 52ನೆಯ ಕಲಮು ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತಡೆಯನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2004ರ ನವೆಂಬರ್ 5ರ ಕೇಂದ್ರ ಸರಕಾರದ ಪ್ರಕಟಣೆಯು ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಬಾಡಿಗೆಯದಲ್ಲದ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ, ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವೂ ಇದೆ. ಆದ್ದರಿಂದ ಮೊದಲು ಆರ್.ಟಿ.ಓ. ಕಚೇರಿ, ಆಮೇಲೆ ಬಡಗಿ. ಇದನ್ನು ತಿರುವುಮುರುವು ಮಾಡಿದವರು ಮಂಚವನ್ನು ಕೀಳಿಸಬೇಕಾಗುತ್ತದೆ. ಹಳದಿ ಫಲಕದ ಗಾಡಿಯಾದರೆ ಅದನ್ನು ಸ್ವಂತದ್ದಾಗಿ ಬದಲಿಸುವ ಖರ್ಚು, ಬಾಕಿ ತೆರಿಗೆ, ಸಾಲದ ತೀರುವಳಿ ಇವನ್ನು ಮಾರುವವನ ಬಾಯಿಮಾತಿನ ಮೇಲೆ ನಂಬಲಾಗದು. ಹದಿನೈದು ವರ್ಷ ದಾಟಿದ ಖಾಸಗಿ ವಾಹನ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲಿನಿಂದ ಮೋಟಾರು ಕಾರಿನ ಈ ಶುಲ್ಕವೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಕಾಶಿ, ಹರಿದ್ವಾರದ ಆಸೆಯುಳ್ಳವರು ದೆಹಲಿಯ ಸುತ್ತಿನ ಸೀಮೆಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲೆ 2015ರಿಂದ ಬಂದ ನಿರ್ಬಂಧಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಇನ್ನು ಒಲೆಯ ಮಾತು. ಬಂಡಿಯ ಕಾಲದಲ್ಲಿ ಬೆಂಕಿ ಹೊರಗೇ ಇತ್ತು ಎಂದೆವಷ್ಟೆ. ಈಗ ಅದನ್ನು ಒಳಗೆ ತಂದು, ಬಾಗಿಲು ಮುಚ್ಚಿ, ತಂಪಿನ ಯಂತ್ರ ಹಾಕಿ ಮಲಗುತ್ತೇವೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದ ಬಳಿ ರಸ್ತೆಬದಿಯಲ್ಲಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತ್ತೆಂದು ತನಿಖೆಯಲ್ಲಿ ತಿಳಿಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನನ್ನು ಎಬ್ಬಿಸುವುದೂ ಇಲ್ಲ. ಮೆಟಡೋರಾಗಲಿ ಟ್ರಾವೆಲರಾಗಲಿ, ನೆಲದ ಮಟ್ಟದಲ್ಲೊಂದು ಮಾಡಿನ ಮಟ್ಟದಲ್ಲೊಂದು ಮುಚ್ಚಲಾಗದ ಗಾಳಿಕಿಂಡಿ ಇರಬೇಕು, ಗೋಡೆಗೆ ಅನಿಲ ಪತ್ತೆಹಚ್ಚುವ ಗಂಟೆ ಇರಬೇಕು. ಜನರೇಟರನ್ನು ಹತ್ತಿಸಿಟ್ಟು ಮಲಗುವ ಮಾತೇ ಇರಬಾರದು. ಪರದೆ, ಬಣ್ಣ, ದೀಪಗಳಿಗೆ ಸಾವಿರಾರು ಖರ್ಚು ಮಾಡಿ ಇಷ್ಟಕ್ಕೆ ಜಿಪುಣತನ ತೋರಿಸುವವರನ್ನು ನಾವು ಕಂಡಿದ್ದೇವೆ.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ಬಾರಿಗೆ ಕೊಳ್ಳುವವನಿಗೆ ಕೊಲ್ಲಾರಿಯ ವಂಶವೇ ಸರಿ. ಮೆಟಡೋರು ಹೆಚ್ಚು ಜಾಣ ಗಾಡಿ. ತಗ್ಗು ನೆಲದ ಆ ಅನುಕೂಲ ಟ್ರಾವೆಲರಿಗೆ ಬರುವಂತಿಲ್ಲ. ಆದರೆ ಅದು ಬೇಡುವುದು ಲೇತ್ ಬಲ್ಲ ಗೆಳೆಯನನ್ನು, ಹಿತ್ತಲಲ್ಲಿ ಇನ್ನೊಂದು ಬಿಚ್ಚಿದ ಮೆಟಡೋರನ್ನು, ಬೇಕಾದಷ್ಟು ಬಿಡುವನ್ನು. ಇವು ಮೂರೂ ಇದ್ದವರು ಯಾರ ಮಾತನ್ನೂ ಕೇಳದೆ ಅದನ್ನೇ ಕೊಳ್ಳಲಿ. ಟ್ರಾವೆಲರಿನ ಬಿಡಿಭಾಗ ಮಾತ್ರ ಹೆದ್ದಾರಿಯ ಪ್ರತಿ ಪಟ್ಟಣದಲ್ಲೂ ಸಿಕ್ಕುತ್ತದೆ. ರಿಪೇರಿ ಬಲ್ಲ ಹುಡುಗ ಹಿರಿಯೂರಿನಲ್ಲೂ ಇದ್ದಾನೆ, ಹುಬ್ಬಳ್ಳಿಯಲ್ಲೂ ಇದ್ದಾನೆ.

ಮೇಷ್ಟರ ಮನೆಯಲ್ಲಿ ತೀರ್ಮಾನ ಮಾಡಿದ್ದು ಅವರ ಮಡದಿ. ಮಂಡಿಪೇಟೆಯ ಟ್ರಾವೆಲರಿನ ಕಾಗದಗಳನ್ನು ಮೂರು ವಾರ ಸೋಸಿ ನೋಡಿ, ಹಿಂದಿನ ಮಾಲೀಕನ ಸಾಲದ ತೀರುವಳಿಪತ್ರ ಕೈಗೆ ಬರುವವರೆಗೂ ಮುಂಗಡ ಕೊಡದೆ, ಕೊನೆಗೆ ಕೊಂಡರು. ಮಂಚ ಆದದ್ದು ನೋಂದಣಿ ಬದಲಾದ ಮೇಲೆ. ಗ್ಯಾಸಿನ ಒಲೆಯನ್ನು ಹಿಂದಿನ ಬಾಗಿಲಿನ ಬಳಿ, ಹೊರಕ್ಕೆ ಎಳೆದು ಇಡುವ ಹಲಗೆಯ ಮೇಲೆ ಕೂರಿಸಿದ್ದಾರೆ, ಅಡಿಗೆ ಬಯಲಲ್ಲೇ. ಮೆಟ್ಟಿಲಿನ ಕೆಳಗೆ ತೇಗದ ಮಣೆಯೊಂದಿದೆ. ಮೊದಲ ಸಲ ಹೊಳೆಯ ದಂಡೆಯ ಉಕ್ಕಡಗಾತ್ರಿಗೆ ಹೋಗಿ ಒಂದು ರಾತ್ರಿ ತಂಗಿದ್ದು, ಕರಿಬಸವೇಶ್ವರನ ದರ್ಶನ ಮಾಡಿಕೊಂಡು ಮರುದಿನ ಊಟದ ಹೊತ್ತಿಗೆ ದಾವಣಗೆರೆಗೆ ಮರಳಿದರು.